ಹಳೇ ಪರದೆಗೆ ನಾಚಿಕೆ ಯಾಕೆ?



ಈ ಸಲದ ಗೋಡೆ ಪತ್ರಿಕೆಗೆ ಎಲ್ಲರೂ ಮಳೆ, ಗೆಳೆತನ, ಪರಿಸರ ಅಂತ ಬರೆದಿದ್ದಾರೆ. ನಾನು ಪರದೆ ಬಗ್ಗೆ ಬರೆಯುತ್ತಿದ್ದೇನೆ. ಈಗಲೇ ನಗಬೇಡಿ. ಪೂರ್ತಿ ಓದಿದ ಮೇಲೂ ನಗು ಬಂದರೆ ಧಾರಾಳವಾಗಿ ನಗಿರಿ.

ವಿಷಯ ನಿಮಗೆಲ್ಲ ಗೊತ್ತಿದ್ದದ್ದೇ. ನಮ್ಮ ಶಾಲೆಯ ಸ್ಟೋರ್ ರೂಮಿನಲ್ಲಿ ಒಂದು ಗಂಟು ಬಿದ್ದಿದೆ. ಅದರಲ್ಲಿ 11 ಪರದೆಗಳಿವೆ. ಹುಬ್ಬಳ್ಳಿಯ ಒಂದು ಮನೆಯವರು ಮನೆ ಬದಲಿಸುವಾಗ, ಶಾಲೆಗೆ ಉಪಯೋಗವಾಗಲಿ ಅಂತ ಕೊಟ್ಟದ್ದು. ಬಂದು ಎರಡು ತಿಂಗಳಾಯಿತು. ಒಮ್ಮೆ ಬಿಚ್ಚಿ ಅಳತೆ ನೋಡಿದ್ದು ಬಿಟ್ಟರೆ ಮುಂದೆ ಏನೂ ಆಗಿಲ್ಲ. "ಮಂದಿ ಬಳಸಿ ಬಿಟ್ಟದ್ದನ್ನ ನಮ್ಮ ಸಾಲಿಗೆ ಯಾಕ ಕಟ್ಟಬೇಕು?" ಅಂತ ಊರಿನ ಕೆಲವು ಹಿರಿಯರು ಅಂದರು. "ಭಾಳ ಉದ್ದ ಅದಾವ, ನಮ್ಮ ಕಿಡಕಿಗೆ ಹೊಂದಂಗಿಲ್ಲ" ಅಂತ ಇನ್ನು ಕೆಲವರು ಅಂದರು. ಗಂಟು ಮತ್ತೆ ಕಟ್ಟಿತು.

ಇತ್ತ ನಮ್ಮ 9ನೇ ತರಗತಿಯ ಕೋಣೆ ನೋಡಿ. ಪಶ್ಚಿಮದ ಗೋಡೆಗೆ ನಾಲ್ಕು ಕಿಟಕಿ. ಮಧ್ಯಾಹ್ನ 3 ಗಂಟೆಯ ಮೇಲೆ ಬಿಸಿಲು ಓರೆಯಾಗಿ ಬಂದು ಬೋರ್ಡಿನ ಅರ್ಧಭಾಗ ಹೊಳೆಯತೊಡಗುತ್ತದೆ. ಗಣಿತದ ಪೀರಿಯಡ್ ಇರುವುದೇ ಆಗ. ಹಿಂದಿನ ಸಾಲಿನವರು 3 ಇದ್ದದ್ದನ್ನು 8 ಅಂತ ಬರೆದುಕೊಳ್ಳುತ್ತಾರೆ, ಆಮೇಲೆ ಲೆಕ್ಕ ತಪ್ಪಿತು ಅಂತ ಬೈಸಿಕೊಳ್ಳುತ್ತಾರೆ. ಕಿಟಕಿ ಬಾಗಿಲು ಹಾಕಿದರೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಆ ಹೊತ್ತಿಗೆ ಕರೆಂಟ್ ಇದ್ದರೆ ಪುಣ್ಯ.

ಹೀಗಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೇ ಪರದೆ ತರುವುದರಲ್ಲಿ ಅವಮಾನ ಏನೂ ಇಲ್ಲ. ತಂದದ್ದನ್ನು ನಮ್ಮ ಅಳತೆಗೆ ಕತ್ತರಿಸಿ ಹೊಲಿಯದೆ ಗಂಟು ಕಟ್ಟಿ ಇಲಿಗೆ ಬಿಡುತ್ತೇವಲ್ಲ, ನಾಚಿಕೆ ಪಡಬೇಕಾದದ್ದು ಅದಕ್ಕೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ನೋಡಿದ್ದೇನೆ. ನಮ್ಮದು ಒಂದೇ ಕೋಣೆ, ಪಕ್ಕಕ್ಕೆ ಅಡುಗೆ ಮನೆ. ಅಪ್ಪ ಬೆಳಗಿನ ಜಾವ 4 ಗಂಟೆಗೆ ಎದ್ದು ಹೊಲಕ್ಕೆ ಹೋಗುತ್ತಾರೆ, ಹಾಗಾಗಿ ರಾತ್ರಿ 9 ಗಂಟೆಗೇ ಮಲಗಬೇಕು. ನಾನೂ ಅಕ್ಕನೂ ಓದಬೇಕೆಂದರೆ ಲೈಟು ಬೇಕು. ಲೈಟು ಹಾಕಿದರೆ ಅಪ್ಪನಿಗೆ ನಿದ್ದೆ ಇಲ್ಲ, ಆರಿಸಿದರೆ ನಮಗೆ ಓದು ಇಲ್ಲ. ನಮ್ಮ ದೊಡ್ಡವ್ವ ಹುಬ್ಬಳ್ಳಿಯಲ್ಲಿ ಮನೆಗೆಲಸ ಮಾಡುತ್ತಾರೆ. ಅವರು ಕೆಲಸ ಮಾಡುವ ಮನೆಯವರು ಹೊಸ ಪರದೆ ಹಾಕಿಸಿಕೊಂಡಾಗ ಹಳೆಯವನ್ನು ಇವರಿಗೆ ಕೊಟ್ಟರು, ದೊಡ್ಡವ್ವ ನಮಗೆ ತಂದುಕೊಟ್ಟರು. ಅವ್ವ ಅವನ್ನು ಒಗೆದು, ಕತ್ತರಿಸಿ, ಕೈಯಿಂದಲೇ ಹೊಲಿದು ಕೋಣೆಯ ನಡುವೆ ತಂತಿ ಎಳೆದು ಕಟ್ಟಿದಳು. ಅಷ್ಟೇ. ಈಗ ಪರದೆಯ ಆಚೆ ಅಪ್ಪನ ಗೊರಕೆ, ಈಚೆ ನಮ್ಮ ಓದು. ಅಕ್ಕ ಬಟ್ಟೆ ಬದಲಿಸಲು ಕತ್ತಲಾಗುವ ತನಕ ಕಾಯುವುದೂ ತಪ್ಪಿತು. ಗೋಡೆ ಕಟ್ಟಿಸಲು ನಮ್ಮ ಹತ್ತಿರ ದುಡ್ಡಿರಲಿಲ್ಲ. ಬಟ್ಟೆಯೇ ಗೋಡೆಯಾಯಿತು.

ಈಗ ಅವ್ವ ಮಾಡಿದ ರೀತಿಯನ್ನು, ಜೊತೆಗೆ ಅದನ್ನು ಶಾಲೆಗೆ ಹೇಗೆ ಹೊಂದಿಸಬಹುದು ಅನ್ನುವುದನ್ನು ಬರೆಯುತ್ತೇನೆ. "ಹೊಂದಂಗಿಲ್ಲ" ಅನ್ನುವವರಿಗೆ ಇದೇ ಉತ್ತರ.

ಮೊದಲು ಬಟ್ಟೆಯ ಪರೀಕ್ಷೆ. ಪರದೆ ವರ್ಷಗಟ್ಟಲೆ ಬಿಸಿಲಿನಲ್ಲಿ ನೇತಾಡಿರುತ್ತದೆ. ನೋಡಲು ಚೆನ್ನಾಗಿದ್ದರೂ ಒಳಗೆ ನೂಲು ಸತ್ತಿರಬಹುದು. ಎರಡು ಹೆಬ್ಬೆರಳಿನ ನಡುವೆ ಹಿಡಿದು ಜಗ್ಗಿ ನೋಡಬೇಕು. ಪರ್ ಅಂತ ಹರಿದರೆ ಅದು ಪರದೆ ಕೆಲಸಕ್ಕೆ ಬರುವುದಿಲ್ಲ, ಬೋರ್ಡ್ ಒರೆಸಲು ಇಟ್ಟುಕೊಳ್ಳಿ. ನಮ್ಮ 11ರಲ್ಲಿ ಒಂದು ಹಾಗಿದೆ. ಉಳಿದ ಹತ್ತರಲ್ಲಿ 8 ತೆಳು ಬಣ್ಣದ ಹತ್ತಿಯವು, 2 ದಪ್ಪನೆಯ ಕಂದು ಬಣ್ಣದವು. ಹತ್ತಿಯೋ ಅಲ್ಲವೋ ತಿಳಿಯಬೇಕಾದರೆ ಅಂಚಿನ ಒಂದೇ ಒಂದು ಎಳೆ ಕಿತ್ತು, ದೊಡ್ಡವರ ಎದುರಿಗೆ ಸುಟ್ಟು ನೋಡಬೇಕು. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಯಾವುದೇ ಆಗಲಿ, ಒಲೆಯ ಹತ್ತಿರ, ಗ್ಯಾಸಿನ ಹತ್ತಿರ ಪರದೆ ಕಟ್ಟಲೇಬಾರದು.

ಎರಡನೆಯದು ಒಗೆಯುವುದು. ಅಳತೆಗಿಂತ ಮೊದಲು ಒಗೆಯಬೇಕು. ಹತ್ತಿ ಬಟ್ಟೆ ನೀರು ಕಂಡರೆ ಕುಗ್ಗುತ್ತದೆ. ಹಲವು ಸಲ ಒಗೆದ ಹಳೇ ಪರದೆಯಾದರೆ ಕುಗ್ಗುವುದೆಲ್ಲ ಕುಗ್ಗಿ ಮುಗಿದಿರುತ್ತದೆ, ಇದು ಹಳೆಯದರ ಲಾಭ. ಆದರೆ ಪಟ್ಟಣದಲ್ಲಿ ಕೆಲವರು ಪರದೆಯನ್ನು ನೀರಿಗೆ ಹಾಕದೆ ಡ್ರೈಕ್ಲೀನಿಂಗಿಗೆ ಕೊಡುತ್ತಾರೆ. ಅಂಥದ್ದು ಮೊದಲ ಸಲ ನೀರು ಕಾಣುವುದು ನಮ್ಮ ಮನೆಯಲ್ಲೇ. ಆದ್ದರಿಂದ ಒಗೆದು, ಒಣಗಿಸಿ, ಆಮೇಲೆ ಟೇಪು ಹಿಡಿಯಿರಿ. ಬಣ್ಣ ಬಿಡುತ್ತದೋ ಅಂತ ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ.

ಮೂರನೆಯದು ಲೆಕ್ಕ. ನಮ್ಮ ಕಿಟಕಿಯ ಚೌಕಟ್ಟು 4 ಅಡಿ ಎತ್ತರ, ಮೂರೂವರೆ ಅಡಿ ಅಗಲ. ಅಗಲ ಅಂದರೆ 42 ಇಂಚು. ಒಂದೊಂದು ಪರದೆ 84 ಇಂಚು ಉದ್ದ, 44 ಇಂಚು ಅಗಲ ಇದೆ. ಒಂದು ಕಿಟಕಿಗೆ ಒಂದೇ ಪರದೆ ಹಾಕಿದರೆ ಅದು ಚಪ್ಪಟೆಯಾಗಿ, ಒಣಹಾಕಿದ ಲುಂಗಿಯಂತೆ ಕಾಣುತ್ತದೆ, ಸಂದಿಯಿಂದ ಬಿಸಿಲೂ ಬರುತ್ತದೆ. ನೆರಿಗೆ ಬೀಳಬೇಕಾದರೆ ಕಿಟಕಿಯ ಅಗಲದ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನಷ್ಟು ಬಟ್ಟೆ ಬೇಕು. ಎರಡು ಪರದೆ ಸೇರಿದರೆ 88 ಇಂಚು. ಕಿಟಕಿಗೆ ಎರಡರಂತೆ ನಾಲ್ಕು ಕಿಟಕಿಗೆ 8 ಪರದೆ. ಹತ್ತಿಯವು ಇರುವುದೂ ಎಂಟೇ!

ಉದ್ದದ ಲೆಕ್ಕ ಹೀಗೆ. ಚೌಕಟ್ಟಿನ 48 ಇಂಚು, ಕೆಳಗೆ ಇಳಿಬಿಡಲು 6 ಇಂಚು, ಒಟ್ಟು 54. ಮೇಲೆ ಕೋಲು ತೂರಿಸುವ ಮಡಿಕೆಗೆ 4 ಇಂಚು ಸೇರಿಸಿದರೆ 58 ಇಂಚು. ಅಂದರೆ ಒಂದೊಂದು ಪರದೆಯಿಂದ 26 ಇಂಚು ಕತ್ತರಿಸಬೇಕು. ಒಗೆದಾಗ ಎರಡು ಮೂರು ಇಂಚು ಕುಗ್ಗಿದರೂ ಬಟ್ಟೆ ಕಡಿಮೆ ಬೀಳುವುದಿಲ್ಲ, ಕತ್ತರಿಸಿ ತೆಗೆಯುವ ತುಂಡು ಅಷ್ಟು ಚಿಕ್ಕದಾಗುತ್ತದೆ. ಇನ್ನೂ ಉದ್ದ ಬಿಟ್ಟರೆ ಚಂದ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಬಿಸಿಯೂಟ ಮುಗಿದ ಮೇಲೆ ಅದಕ್ಕೆ ಕೈ ಒರೆಸುವವರು ನಾವೇ.

ಇಲ್ಲಿ ಅವ್ವ ಹೇಳಿಕೊಟ್ಟ ಒಂದು ಜಾಣತನ ಇದೆ. ಸಾಮಾನ್ಯವಾಗಿ ಎಲ್ಲರೂ ಕೆಳಗಿನಿಂದ ಕತ್ತರಿಸುತ್ತಾರೆ. ಕೆಳಗಿನ ಮಡಿಕೆ ಗಟ್ಟಿ ಇದ್ದರೆ ಅದನ್ನು ಮುಟ್ಟಲೇಬಾರದು, ಮೇಲಿನಿಂದ ಕತ್ತರಿಸಬೇಕು. ಆಗ ಹೊಲಿಯುವ ಕೆಲಸ ಮೇಲೆ ಒಂದೇ ಕಡೆ. ಇನ್ನೊಂದು ಮಾತು, ಹಳೇ ಮಡಿಕೆ ಬಿಚ್ಚಿದರೆ ಒಳಗಿನ ಬಟ್ಟೆ ಗಾಢ ಬಣ್ಣದ್ದಾಗಿಯೂ, ಹೊರಗಿನದು ಬಿಸಿಲಿಗೆ ಮಾಸಿಯೂ ಇರುತ್ತದೆ. ಆ ಗೆರೆ ಎಷ್ಟು ಒಗೆದರೂ ಹೋಗುವುದಿಲ್ಲ. ಮೇಲಿನಿಂದ ಕತ್ತರಿಸಿದರೆ ಆ ತಂಟೆಯೇ ಇಲ್ಲ. ನೆಟ್ಟಗೆ ಕತ್ತರಿಸಲು ಹತ್ತಿ ಬಟ್ಟೆಯಲ್ಲಿ ಅಡ್ಡಕ್ಕೆ ಒಂದು ಎಳೆ ಎಳೆದು ತೆಗೆದರೆ ಸಾಕು. ಅದೇ ಗೆರೆ, ಸ್ಕೇಲೂ ಬೇಡ, ಚಾಕ್‌ಪೀಸೂ ಬೇಡ.

ನಾಲ್ಕನೆಯದು ಹೊಲಿಗೆ. ಮೇಲಿನ ಮಡಿಕೆಯ ಮೇಲೆ ಪರದೆಯ ಭಾರವೆಲ್ಲ ಬೀಳುತ್ತದೆ. ಅದಕ್ಕೆ ಬರೀ ಕಚ್ಚಾ ಹೊಲಿಗೆ ಸಾಲದು. ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರುವ ಹೊಲಿಗೆ ಹಾಕಬೇಕು. ಗಾಳಿಗೆ ಪರದೆ ಹಾರದಿರಲು ಅವ್ವ ಕೆಳಗಿನ ಎರಡು ಮೂಲೆಯ ಮಡಿಕೆಯಲ್ಲಿ ಒಂದೊಂದು 25 ಪೈಸೆಯ ಸ್ಟೀಲ್ ನಾಣ್ಯ ಇಟ್ಟು ಹೊಲಿದಿದ್ದಾಳೆ. 2011ರ ಜೂನ್ 30ರ ನಂತರ ಆ ನಾಣ್ಯ ಚಲಾವಣೆಯಲ್ಲಿಲ್ಲ. ಬಹಳ ಮನೆಗಳ ಡಬ್ಬಿಯಲ್ಲಿ ಇನ್ನೂ ಬಿದ್ದಿರುತ್ತವೆ. ಅಂಗಡಿಯವನು ಬೇಡ ಅಂದ ನಾಣ್ಯಕ್ಕೂ ನಮ್ಮ ಪರದೆಯಲ್ಲಿ ಕೆಲಸ ಸಿಕ್ಕಿತು. ಶಾಲೆಗೆ 16 ನಾಣ್ಯ ಬೇಕು.

ಐದನೆಯದು ಕಟ್ಟುವುದು. ಮಣ್ಣಿನ ಗೋಡೆಗೆ ಮೊಳೆ ಹೊಡೆದರೆ ಮಣ್ಣು ಉದುರುತ್ತದೆ, ಕಿಟಕಿ ಮೇಲಿನ ಕಾಂಕ್ರೀಟಿಗೆ ಹೊಡೆದರೆ ಮೊಳೆಯೇ ಬಾಗುತ್ತದೆ. ನಮ್ಮ ಶಾಲೆಯ ಕಿಟಕಿಗಳಿಗೆ ಕಟ್ಟಿಗೆಯ ಚೌಕಟ್ಟು ಇದೆ. ಅದಕ್ಕೇ ಎರಡು ಕೊಕ್ಕೆ ತಿರುಗಿಸಿದರೆ ಗಟ್ಟಿಯಾಗಿ ಕೂಡುತ್ತದೆ. ಅಂಗಡಿಯಲ್ಲಿ ಸಿಗುವ ಸ್ಪ್ರಿಂಗ್ ತಂತಿ ಒಂದು ತೆಳು ಪರದೆಗೆ ಆದೀತು, ಎರಡು ಪರದೆಯ ಭಾರಕ್ಕೆ ನಡುವೆ ಜೋಲುತ್ತದೆ. ಅರ್ಧ ಇಂಚಿನ ಕಬ್ಬಿಣದ ಪೈಪಿನ 4 ಅಡಿ ತುಂಡು, ಇಲ್ಲವೇ ನೆಟ್ಟಗಿನ ಬಿದಿರು ಉತ್ತಮ. ಹೊಲದ ಮನೆಗಳಲ್ಲಿ ಇಂಥ ತುಂಡು ಪೈಪು ಬೇಕಾದಷ್ಟು ಬಿದ್ದಿರುತ್ತವೆ.

ಖರ್ಚಿನ ಮಾತಿಗೆ ಬರೋಣ. ಪೇಟೆಯಲ್ಲಿ ನಾವು ವಿಚಾರಿಸಿದಾಗ ಸಾಧಾರಣ ಹೊಸ ಪರದೆ ಒಂದಕ್ಕೆ 300 ರೂಪಾಯಿ ಹೇಳಿದರು. ಎಂಟಕ್ಕೆ 2,400 ರೂಪಾಯಿ. ನಮ್ಮ ದಾರಿಯಲ್ಲಿ ದಾರ, ಸೂಜಿ, ಕೊಕ್ಕೆ ಸೇರಿ 200 ರೂಪಾಯಿ ದಾಟುವುದಿಲ್ಲ.

ಇನ್ನು ಆಕ್ಷೇಪಗಳು. "ಮಂದಿ ಬಳಸಿದ್ದು" ಅನ್ನುವ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಮ್ಮ ಆಯಿ ಹೊಲಿದ ಕೌದಿಯಲ್ಲಿ ಅಜ್ಜನ ಧೋತರ ಇದೆ, ಅವ್ವನ ಇಳಕಲ್ ಸೀರೆ ಇದೆ, ಪಕ್ಕದ ಮನೆಯವರು ಕೊಟ್ಟ ಲಂಗದ ತುಂಡೂ ಇದೆ. ಅದನ್ನು ಹೊದ್ದು ಮಲಗುವಾಗ ಯಾರದೆಂದು ನಾವು ಕೇಳುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹಳೇ ಬಟ್ಟೆಯ ತುಂಡುಗಳಿಂದ ಹೊಲಿದ ಕೌದಿಗಳು ಅಮೆರಿಕದ ಪ್ರದರ್ಶನಾಲಯಗಳಲ್ಲೂ ತೂಗಿವೆ. ಅಲ್ಲಿಯ ಜನ ನಿಂತು ನೋಡುವ ಕೆಲಸ ನಮ್ಮ ಆಯಿಯ ಕೈಯಲ್ಲೂ ಇದೆ. ನಾವು ಅದನ್ನು ಮಡಚಿ ಅಟ್ಟಕ್ಕೆ ಇಟ್ಟಿದ್ದೇವೆ, ಅಷ್ಟೇ ವ್ಯತ್ಯಾಸ.

"ಯಾರ ಮನೆದು?" ಅಂತ ಕೇಳುವವರಿಗೆ ಇನ್ನೊಂದು ಮಾತು. ಹೀಗೆ ಕೇಳುವಾಗ ಕೆಲವರು ತಿಳಿಯಬಯಸುವುದು ಮನೆಯ ವಿಳಾಸವನ್ನಲ್ಲ, ಜಾತಿಯನ್ನು. ನೇರವಾಗಿ ಬರೆದಿದ್ದೇನೆ, ಗುರುಗಳು ಬೇಡವೆಂದರೆ ಈ ಸಾಲಿಗೆ ಗೆರೆ ಎಳೆಯಲಿ. ಹೊಸ ಬಟ್ಟೆಯನ್ನೂ ಯಾರೋ ಬಿಡಿಸಿದ ಹತ್ತಿಯಿಂದ ಯಾರೋ ನೂತು, ಯಾರೋ ನೇಯ್ದು, ಯಾರೋ ಬಣ್ಣ ಹಾಕಿರುತ್ತಾರೆ. ಅಂಗಡಿಯಲ್ಲಿ ನಿಂತು ಅವರ ಜಾತಿ ಕೇಳಿದವರನ್ನು ನಾನು ಕಂಡಿಲ್ಲ. ನಾವು ಬಸವ ಜಯಂತಿ ದಿನ ಶರಣರ ಹೆಸರು ಹೇಳುತ್ತೇವೆ. ಆ ಶರಣರಲ್ಲಿ ಜೇಡರ ದಾಸಿಮಯ್ಯನವರು ನೇಯುವ ಕಾಯಕದವರು, ಮಡಿವಾಳ ಮಾಚಿದೇವರು ಒಗೆಯುವ ಕಾಯಕದವರು. ಸೂಜಿಕಾಯಕದ ರಾಮಿತಂದೆ ಅನ್ನುವ ಶರಣರ ಹೆಸರಿನಲ್ಲೇ ಸೂಜಿ ಇದೆ. ನೇಯ್ದು, ಒಗೆದು, ಹೊಲಿದ ಮೇಲೆ ಬಟ್ಟೆಗೆ ಇನ್ನು ಯಾವ ಮೈಲಿಗೆ ಉಳಿಯುತ್ತದೆ, ನೀವೇ ಹೇಳಿ. ರೋಗದ ಭಯ ಇದ್ದರೆ ಅದು ಬೇರೆ ಮಾತು. ಅದಕ್ಕೆ ಬಿಸಿನೀರು, ಸೋಪು, ಎರಡು ದಿನದ ಬಿಸಿಲು ಇದೆ.

ಎರಡನೆಯ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. "ಹಿಂಗ ಹಳೇದು ಇಸ್ಕೊಂತ ಹೋದ್ರ, ಸಾಲಿಗೆ ಹೊಸಾದು ಯಾರೂ ಕೊಡಂಗಿಲ್ಲ" ಅಂತ ಅಪ್ಪ ಅಂದರು. ನಿಜ. ಬೆಂಚು, ಕಕ್ಕಸು, ಕುಡಿಯುವ ನೀರು ಇವನ್ನೆಲ್ಲ ನಾವು ಹಕ್ಕಿನಿಂದ ಕೇಳಬೇಕು. ಪರದೆ ಬಂತು ಅಂತ ಅವನ್ನು ಕೇಳುವುದನ್ನು ಬಿಡಬಾರದು. ಕೊಡುವವರಿಗೂ ಒಂದು ಮಾತು ಹೇಳಬೇಕು. ಹರಿದದ್ದು, ಹೊಲಸಾದದ್ದು ತಂದು ಸುರಿದು ಫೋಟೋ ತೆಗೆಸಿಕೊಂಡರೆ ಅದು ದಾನ ಆಗುವುದಿಲ್ಲ. ಕೊಡುವುದಾದರೆ ಒಗೆದು, ಮಡಚಿ ಕೊಡಲಿ. ಬೇಡವಾದದ್ದನ್ನು "ಬೇಡ" ಅನ್ನುವ ಹಕ್ಕು ನಮಗೂ ಇರಲಿ. ಆದರೆ ಚೆನ್ನಾಗಿರುವ 10 ಪರದೆಯನ್ನು ಹಟಕ್ಕೆ ಕೊಳೆಯಲು ಬಿಟ್ಟರೆ ನಷ್ಟ ಯಾರಿಗೆ? ಬೋರ್ಡ್ ಕಾಣದವರು ನಾವು.

ಅದೂ ನಮ್ಮದು ಹತ್ತಿ ಬೆಳೆಯುವ ಸೀಮೆ. ಧಾರವಾಡದಲ್ಲಿ ಸಿದ್ಧವಾಗಿ 1981ರಲ್ಲಿ ಬಿಡುಗಡೆಯಾದ ಜಯಲಕ್ಷ್ಮಿ ಹತ್ತಿಯ ಹೆಸರು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. ರಜೆಯಲ್ಲಿ ಹತ್ತಿ ಬಿಡಿಸಲು ಹೋದವರಿಗೆ ಗೊತ್ತು, ಒಂದು ಚೀಲ ತುಂಬುವಷ್ಟರಲ್ಲಿ ಬೆರಳ ತುದಿ ಹೇಗೆ ಗೀರಿರುತ್ತದೆ ಅಂತ. ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ ಸರಾಸರಿ ಸುಮಾರು 10,000 ಲೀಟರ್ ನೀರು ಖರ್ಚಾಗಿರುತ್ತದೆ ಅಂತ ಬಲ್ಲವರು ಲೆಕ್ಕ ಹಾಕಿದ್ದಾರೆ. ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಇಟ್ಟು ಪಾಳಿ ನಿಲ್ಲುವ ನಮಗೆ 10,000 ಲೀಟರ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತಿ ಬೆಳೆಯುವವರೇ ಬಟ್ಟೆ ಹಾಳು ಮಾಡಿದರೆ ಹೇಗೆ?

ಈಗ ಗೆಳೆಯರಿಗೆ, ಅಂದರೆ ಹುಡುಗರಿಗೆ. "ಹೊಲಿಗೆ ಹೆಣ್ಣುಮಕ್ಕಳ ಕೆಲಸ" ಅಂತ ನೀವು ಅನ್ನುತ್ತೀರಿ ಅಂತ ನನಗೆ ಗೊತ್ತು. ನಮ್ಮೂರ ಟೇಲರ್ ಗಂಡಸು. ದಬ್ಬಣ ಹಿಡಿದು ಕಾಳಿನ ಚೀಲ ಹೊಲಿಯುವವರು ನಿಮ್ಮ ಅಪ್ಪಂದಿರೇ. ಅಂಗಡಿಯಲ್ಲಿ ಹೊಲಿದರೆ ಕಸುಬು, ಕಣದಲ್ಲಿ ಹೊಲಿದರೆ ಒಕ್ಕಲುತನ, ಮನೆಯಲ್ಲಿ ಹೊಲಿದರೆ ಮಾತ್ರ ಹೆಂಗಸರ ಕೆಲಸವೇ? ಗಾಂಧೀಜಿಯವರು 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಮೂಲಶಿಕ್ಷಣದ ವಿಚಾರ ಮುಂದಿಟ್ಟಾಗ ಕೈಕೆಲಸದ ಮೂಲಕವೇ ಪಾಠ ಕಲಿಯಬೇಕು ಅಂದರು, ಅದು ಹುಡುಗ ಹುಡುಗಿ ಇಬ್ಬರಿಗೂ. ನಾನು ಮೇಲೆ ಬರೆದದ್ದರಲ್ಲಿ ಗಣಿತ ಇದೆ, ವಿಜ್ಞಾನ ಇದೆ, ಸಮಾಜ ಪಾಠವೂ ಇದೆ. ಕಾರ್ಯಾನುಭವದ ಪೀರಿಯಡ್‌ಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ?

ಕೆಲಸ ಬಹಳ ಆಗುತ್ತದೆ ಅಂತ ಹೆದರುವವರಿಗೆ ಒಂದು ಲೆಕ್ಕ. ಹೊಲಿಯಬೇಕಾದದ್ದು ಒಂದು ಪರದೆಗೆ 44 ಇಂಚು. ಎಂಟಕ್ಕೆ 352 ಇಂಚು, ಅಂದರೆ 30 ಅಡಿಗೂ ಕಡಿಮೆ. ನಮ್ಮ ತರಗತಿಯಲ್ಲಿ 31 ಜನ ಇದ್ದೇವೆ. ಒಬ್ಬೊಬ್ಬರ ಪಾಲಿಗೆ ಒಂದು ಅಡಿ ಹೊಲಿಗೆಯೂ ಬರುವುದಿಲ್ಲ. ಒಂದು ಅಡಿ!

ಉಳಿದ ಎರಡು ದಪ್ಪನೆಯ ಪರದೆಗಳ ಬಗ್ಗೆ ಗುರುಮಾತೆಯರಲ್ಲಿ ಒಂದು ಬಿನ್ನಹ. ಕಬಡ್ಡಿ, ಖೋಖೋ ಇದ್ದ ದಿನ ಹುಡುಗಿಯರು ಬಟ್ಟೆ ಬದಲಿಸುವುದು ಸ್ಟೋರ್ ರೂಮಿನಲ್ಲಿ. ಅದರ ಕಿಟಕಿಗೆ ಬಾಗಿಲಿಲ್ಲ. ಇಬ್ಬರು ವೇಲ್ ಹಿಡಿದು ಅಡ್ಡ ನಿಲ್ಲಬೇಕು, ಮೂರನೆಯವಳು ಗಡಿಬಿಡಿಯಲ್ಲಿ ಬದಲಿಸಬೇಕು. ಇದೇ ಮುಜುಗರಕ್ಕೆ ಆಟಕ್ಕೆ ಹೆಸರು ಕೊಡದವರೂ ಇದ್ದಾರೆ. ಅವರು ಯಾರಿಗೂ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಆ ಎರಡು ಪರದೆ ಆ ಕಿಟಕಿಗೆ ಬೀಳಲಿ. ತರಗತಿಗೆ ಅವು ಕತ್ತಲೆ ಮಾಡುತ್ತವೆ, ಅಲ್ಲಿಗೆ ಬೇಕಾದದ್ದು ಅಂಥದ್ದೇ.

ಕತ್ತರಿಸಿ ಉಳಿಯುವ 8 ತುಂಡುಗಳನ್ನೂ ಎಸೆಯುವುದು ಬೇಡ. ಗೋಡೆಗೆ ತೂಗುಹಾಕಿದ ನಕ್ಷೆಗಳಿಗೆ ಧೂಳು ಕೂರದಂತೆ ಚೀಲ ಹೊಲಿಯಬಹುದು. ಕರ್ನಾಟಕದ ನಕ್ಷೆಯಲ್ಲಿ ಬೀದರ್ ಜಿಲ್ಲೆ ಹರಿದುಹೋಗಿರುವುದನ್ನು ಎಲ್ಲರೂ ನೋಡಿದ್ದೀರಿ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಗಾದೆ ಇದೆ. ಗಾದೆ ಸುಳ್ಳಲ್ಲ. ಆದರೆ ಸೂಜಿ ಹಿಡಿಯಲು ಬಂದರೆ ಹಾಸಿಗೆಗೆ ಒಂದು ಗೇಣು ತುಂಡು ಜೋಡಿಸಲೂಬಹುದು ಅನ್ನುವುದು ನನ್ನ ಅನಿಸಿಕೆ.

ಕೊನೆಯದಾಗಿ, ಮುಖ್ಯ ಗುರುಗಳು ಅನುಮತಿ ಕೊಟ್ಟರೆ ಬರುವ ಶನಿವಾರ ಪರದೆ ಒಗೆದು ಒಣಹಾಕೋಣ, ಅದರ ಮುಂದಿನ ಶನಿವಾರ ಹೊಲಿಯೋಣ. ಸೂಜಿ, ಕತ್ತರಿ ಇದ್ದವರು ತನ್ನಿ. ಡಬ್ಬಿಯಲ್ಲಿ 25 ಪೈಸೆ ನಾಣ್ಯ ಇದ್ದವರು ತನ್ನಿ. ಹೊಲದಲ್ಲಿ ತುಂಡು ಪೈಪು ಇದ್ದವರು ಅಪ್ಪನನ್ನು ಕೇಳಿ ತನ್ನಿ, ಕೇಳದೆ ತರಬೇಡಿ. ಹೊಲಿಗೆ ಹೇಳಿಕೊಡಲು ನಮ್ಮ ಅವ್ವ ಬರಲು ಒಪ್ಪಿದ್ದಾಳೆ. ಒಪ್ಪಿಗೆ ಇದ್ದವರು ಈ ಹಾಳೆಯ ಕೆಳಗೆ ಪೆನ್ಸಿಲಿನಿಂದ ಹೆಸರು ಬರೆಯಿರಿ. ಒಪ್ಪದವರು ಯಾಕೆ ಅನ್ನುವುದನ್ನು ಮುಂದಿನ ಸಂಚಿಕೆಗೆ ಬರೆದುಕೊಡಿ, ಓದಲು ನಾನು ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ, ಕಿಟಕಿ ಪಕ್ಕದ ಬೆಂಚು